ಹುಟ್ಟಿದ ಸೀಮೆಯಲ್ಲಿ ಅತಿಥಿಯಾಗಿ

ದೂರದ ಊರಿಗೆ ಪ್ರವಾಸ ಹೊರಡುವವರ ಕೈಯಲ್ಲಿ ಒಂದು ಪಟ್ಟಿಯಿರುತ್ತದೆ: ನೋಡಬೇಕಾದ ಗುಡಿ, ಹತ್ತಬೇಕಾದ ಬೆಟ್ಟ, ಸವಿಯಬೇಕಾದ ತಿಂಡಿ. ತವರಿಗೆ ಹೊರಡುವವರಿಗಾದರೋ ಮದುವೆಯೋ ಮುಂಜಿಯೋ ನೆಪವಾಗಬೇಕು. ಕಾರ್ಯ ಮುಗಿದೊಡನೆ ರಾತ್ರಿಯ ಬಸ್ಸು. ಹುಟ್ಟಿದ ಸೀಮೆಯನ್ನು ಪ್ರವಾಸಿಯಂತೆ ನಿಧಾನವಾಗಿ ಕಂಡು, ಉಂಡು ಬಂದವರು ನಮ್ಮಲ್ಲಿ ಎಷ್ಟು ಮಂದಿ? ಹೊರನಾಡಿನಲ್ಲಿ ನೆಲೆಸಿ ಬಹುಕಾಲದ ಮೇಲೆ ಕನ್ನಡನಾಡಿಗೆ ಬರುವವರು ಮೈಸೂರು, ಹಂಪಿ, ಜೋಗಗಳ ಜೊತೆಗೆ ಒಂದೆರಡು ದಿನಗಳನ್ನು ಕೋಲಾರ ಸೀಮೆಗೂ ಮೀಸಲಿಡಲಿ ಎಂಬುದು ನಮ್ಮ ಬಿನ್ನಹ.

ಹೋಳೂರು ಕೋಲಾರ ತಾಲ್ಲೂಕಿನ ಒಂದು ಹೋಬಳಿಯ ಊರು. ಅಲ್ಲಿ ಅರಮನೆಯಿಲ್ಲ, ಜಲಪಾತವಿಲ್ಲ. ಆದರೆ ಅದನ್ನು ನಡುವಿರಿಸಿಕೊಂಡು ಹೊರಟರೆ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಮಾಲೂರುಗಳೆಲ್ಲ ಒಂದೊಂದು ಹೊತ್ತಿನ ಹಾದಿ.

ಕಾವಲಿಯ ಕೀರ್ತಿ

ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ ಊರು ಮುಳಬಾಗಿಲು. ಸಮೀಪದ ಕುರುಡುಮಲೆಯಲ್ಲಿ ಏಕಶಿಲೆಯ ಬೃಹತ್ ಗಣಪತಿ. ದರ್ಶನ ಮುಗಿಸಿದ ಯಾತ್ರಿಕರ ಮುಂದಿನ ವಿಚಾರಣೆ ದೋಸೆಯದು! ಮುಳಬಾಗಿಲು ದೋಸೆ ಕಾಗದದಂತೆ ತೆಳುವಾದುದಲ್ಲ. ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ, ದಪ್ಪನೆಯ ಮೈ. ಬೆಳ್ಳುಳ್ಳಿಯ ಕೆಂಪು ಚಟ್ನಿ, ಆಲೂಗಡ್ಡೆಯ ಪಲ್ಯ, ಮೇಲೆ ತುಪ್ಪ. ಈಗ ಬೆಂಗಳೂರಿನಲ್ಲಿಯೂ ಅದೇ ಹೆಸರಿನ ಫಲಕಗಳುಂಟು. ಆದರೆ ಅದರ ಊರಿನಲ್ಲಿಯೇ, ಕನ್ನಡವೂ ತೆಲುಗೂ ಒಂದೇ ಉಸಿರಿನಲ್ಲಿ ಬೆರೆಯುವ ಮಾತುಗಳ ನಡುವೆ ಕುಳಿತು ತಿನ್ನುವ ಸೊಗಸೇ ಬೇರೆ.

ಕಾಲಕ್ಕೊಂದು ಸವಿ

ಯಾವ ತಿಂಗಳಿನಲ್ಲಿ ಹೋಗಬೇಕು? ಡಿಸೆಂಬರು, ಜನವರಿಗಳಲ್ಲಿ ಹೋದರೆ ಇಬ್ಬನಿಯಲ್ಲಿ ನೆನೆದ ಅವರೆಕಾಯಿ. ಕಾಳನ್ನು ನೆನೆಸಿ, ಬೆರಳಲ್ಲಿ ಅದುಮಿ ಸಿಪ್ಪೆ ತೆಗೆದು ಮಾಡುವ ಹಿತಕಿದ ಬೇಳೆಯ ಸಾರಿಗೆ ಮನೆಮಂದಿಯೆಲ್ಲ ಕೂಡಿ ಕುಳಿತರೇ ಕೆಲಸ ಸಾಗುವುದು. ಮೇ ತಿಂಗಳಿಂದ ಜುಲೈವರೆಗೆ ಹೋದರೆ ಶ್ರೀನಿವಾಸಪುರದ ಮಾವು: ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ, ತೋತಾಪುರಿ. ಇವೆರಡೂ ಇಲ್ಲದ ಕಾಲದಲ್ಲಿ ಮುದ್ದೆ, ಬಸ್ಸಾರು ಇದ್ದೇ ಇವೆ. ಬೇಳೆ, ಸೊಪ್ಪುಗಳನ್ನು ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ಒಂದೇ ಬೇಯಿಸುವಿಕೆಯಲ್ಲಿ ಎರಡು ವ್ಯಂಜನ! ಸೌದೆಯನ್ನೂ ನೀರನ್ನೂ ಎಣಿಸಿ ಬಳಸುವ ಸೀಮೆಯ ಗೃಹಿಣಿಯ ಜಾಣ್ಮೆಯಿದು.

ತಟ್ಟೆಯ ಹಿಂದಿನ ಕೆರೆ

ನೀರನ್ನು ಎಣಿಸಬೇಕಾದುದೇಕೆಂದರೆ, ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಹಿರಿಯರು ಅದಕ್ಕಾಗಿಯೇ ಸಾವಿರಾರು ಕೆರೆಗಳನ್ನು ಕಟ್ಟಿದರು. ಕೆರೆ ಬತ್ತಿದಾಗ ಬಾವಿ, ಬಾವಿ ಬತ್ತಿದಾಗ ಕೊಳವೆಬಾವಿ; ಅದೂ ಸಾವಿರ ಅಡಿಯನ್ನು ಮೀರಿ ಇಳಿಯಿತು. 2018ರಿಂದ ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲ ಏರಿತೆಂದು ಹರ್ಷಿಸಿದವರುಂಟು. ಎರಡು ಹಂತದ ಸಂಸ್ಕರಣೆ ಸಾಲದು, ಮೂರನೆಯದೂ ಬೇಕೆಂದು ಒತ್ತಾಯಿಸಿದವರೂ ಉಂಟು. ನಮ್ಮ ಎಲೆಗೆ ಬಂದ ಸೊಪ್ಪಿನ ಹಿಂದೆ ಇಷ್ಟೊಂದು ಚಿಂತೆಯಿದೆ.

ಕೋಲಾರವೆಂದರೆ ಚಿನ್ನವೆಂದೇ ಹೊರಗಿನವರ ಭಾವನೆ. ಆ ಗಣಿಗಳು 2001ರಲ್ಲಿ ಮುಚ್ಚಿದುವು. ರಾಗಿಯ ಕಣ ಇನ್ನೂ ಮುಚ್ಚಿಲ್ಲ. ಮಳೆಯನ್ನೇ ನಂಬಿ ಬೆಳೆಯುವ, ವರ್ಷಗಟ್ಟಲೆ ಕೆಡದೆ ನಿಲ್ಲುವ ಈ ಧಾನ್ಯದ ನೂರು ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಸತ್ವವುಂಟು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಪಟ್ಟಣಿಗರು ಕಲಿತ ಪಾಠ ಹೋಳೂರಿನ ಕಡೆಯ ಅಜ್ಜಿಯರಿಗೆ ಹೊಸದಾಗಿರಲಿಲ್ಲ. ಆದರೆ ಕೊಳ್ಳುವವರಿಲ್ಲದಿದ್ದರೆ ರೈತ ಎಷ್ಟು ಕಾಲ ಬೆಳೆದಾನು? ಆದಕಾರಣ ಪ್ರವಾಸಿಗಳು ಗುಡಿಯ ಚಿತ್ರದ ಜೊತೆಗೆ ಸಂತೆಯಿಂದ ಒಂದಿಷ್ಟು ರಾಗಿಯನ್ನೂ ಕಟ್ಟಿಕೊಂಡು ಬರುವುದು ಲೇಸು.

ಮಕ್ಕಳನ್ನು ಅವಶ್ಯ ಕರೆದೊಯ್ಯಿರಿ. ಮುದ್ದೆಯನ್ನು ಜಗಿಯಬಾರದು, ಮುರಿದು ಸಾರಿನಲ್ಲಿ ಅದ್ದಿ ನುಂಗಬೇಕು ಎಂಬುದನ್ನು ಮೊದಲೇ ಹೇಳಿಕೊಡಿ. ಇಲ್ಲದಿದ್ದರೆ ಬಡಿಸುವವರೇ ನಗುತ್ತ ಹೇಳಿಕೊಡುತ್ತಾರೆ.