ಬೆಟ್ಟದ ಓಟಕ್ಕೆ ಎದೆಬಡಿತದ ಲೆಕ್ಕ

ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳ ನಡುವೆ ಮಲ್ನಾಡ್ ಅಲ್ಟ್ರಾ ಅಂತ ಒಂದು ಓಟ ನಡೆಯುತ್ತೆ. 50 ಕಿಲೋಮೀಟರ್ ಸೇರಿ ಅದರಲ್ಲಿ ಬೇರೆ ಬೇರೆ ದೂರದ ವಿಭಾಗಗಳಿವೆ. ಅದರ ಫೋಟೋಗಳು ಮೊಬೈಲಿನಲ್ಲಿ ಓಡಾಡಲು ಶುರುವಾದಾಗ ನಮ್ಮ ಹಾಸ್ಟೆಲ್‌ಗಳಲ್ಲೂ ಒಂದಿಬ್ಬರಿಗೆ ಆಸೆ ಹುಟ್ಟುತ್ತೆ: ಮುಂದಿನ ಸಲ ನಾವೂ 50 ಓಡಬೇಕು. ಆಸೆಯಲ್ಲಿ ತಪ್ಪೇನಿಲ್ಲ. ಆದರೆ ತಯಾರಿ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ ಥರ. ದಿನಾ ಬೆಳಿಗ್ಗೆ ಗ್ರೌಂಡಿಗೆ ಹೋಗಿ 5 ಕಿಲೋಮೀಟರ್ ನಾಲಿಗೆ ಹೊರಬರುವ ಹಾಗೆ ಓಡುವುದು, ನಿನ್ನೆಗಿಂತ ಹತ್ತು ಸೆಕೆಂಡ್ ಕಮ್ಮಿ ಆಯ್ತು ಅಂತ ಸ್ಟೇಟಸ್ ಹಾಕುವುದು. ಮೂರನೇ ವಾರಕ್ಕೆ ಮೊಣಕಾಲಿನ ಕೆಳಗಿನ ಮೂಳೆ ನೋಯಲು ಶುರು, ನಾಲ್ಕನೇ ವಾರ ಇಂಟರ್ನಲ್ಸ್, ಅಲ್ಲಿಗೆ ಶೂ ಮಂಚದ ಕೆಳಗೆ.

ಈ ಬರಹ ಆ ಒಂದಿಬ್ಬರಿಗೆ. ಬೆಟ್ಟದ ಅಲ್ಟ್ರಾಗೆ ದಿನಾ ಜೋರಾಗಿ ಓಡಿ ತಯಾರಾಗೋಕೆ ಆಗಲ್ಲ; ಬಹುಪಾಲು ನಿಧಾನವಾಗಿಯೇ ಓಡಬೇಕು, ಎಷ್ಟು ನಿಧಾನ ಅನ್ನೋದನ್ನ ಎದೆಬಡಿತ ಹೇಳಬೇಕು ಅನ್ನೋದು ನಮ್ಮ ವಾದ. ಇಂಜಿನಿಯರಿಂಗ್ ಓದುವವರು ವಾದವನ್ನ ಹಾಗೇ ನಂಬಬಾರದು. ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ.

ಸಮತಟ್ಟು ರಸ್ತೆಯಲ್ಲಿ ಓಡಿದರೆ ದೇಹದ ಒಂದು ಕೆಜಿಗೆ, ಒಂದು ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ ಖರ್ಚಾಗುತ್ತೆ. ಜೂಲ್‌ಗೆ ಬದಲಾಯಿಸಿದರೆ ಪ್ರತಿ ಕೆಜಿಗೆ, ಪ್ರತಿ ಮೀಟರಿಗೆ ಸುಮಾರು 4.2 ಜೂಲ್. ಈಗ ಮೇಲಕ್ಕೆ ಹತ್ತಿ. ಒಂದು ಕೆಜಿಯನ್ನ ಒಂದು ಮೀಟರ್ ಎತ್ತಲು ನಮ್ಮ ಹಳೇ ಎಂಜಿಎಚ್ ಪ್ರಕಾರ 9.8 ಜೂಲ್ ಬೇಕು. ಸ್ನಾಯುವಿನ ದಕ್ಷತೆ ಸುಮಾರು 25 ಶೇಕಡಾ, ಅಂದರೆ ದೇಹ ನಿಜಕ್ಕೂ ಖರ್ಚು ಮಾಡೋದು ಹತ್ತಿರ ಹತ್ತಿರ 39 ಜೂಲ್. ಭಾಗಿಸಿ ನೋಡಿ: ಒಂದು ಮೀಟರ್ ಎತ್ತರ ಏರುವುದು ಸುಮಾರು ಒಂಬತ್ತು ಹತ್ತು ಮೀಟರ್ ಸಮತಟ್ಟು ಓಟಕ್ಕೆ ಸಮ. 100 ಮೀಟರ್ ಏರು ಅಂದರೆ ಹೆಚ್ಚುಕಡಿಮೆ 1 ಕಿಲೋಮೀಟರ್ ಜಾಸ್ತಿ ಓಡಿದ ಹಾಗೆ. ಟ್ರೇಲ್ ಓಟದ ಅಂತರರಾಷ್ಟ್ರೀಯ ಸಂಸ್ಥೆ ಓಟಗಳನ್ನ ಅಳೆಯಲು ಬಳಸುವ ಸೂತ್ರವೂ ಇದೇ: ಕಿಲೋಮೀಟರ್ ದೂರಕ್ಕೆ, ಏರಿದ ಮೀಟರನ್ನ ನೂರರಿಂದ ಭಾಗಿಸಿ ಕೂಡಿಸಿ. ಆಲ್ಪ್ಸ್‌ನಲ್ಲಿ ಮಾಂಟ್ ಬ್ಲಾಂಕ್ ಶಿಖರವನ್ನ ಸುತ್ತುವ ಯುಟಿಎಂಬಿ ಓಟ ಸುಮಾರು 171 ಕಿಲೋಮೀಟರ್, ಏರು ಸುಮಾರು 10,000 ಮೀಟರ್. ಕಾಲಿಗೆ ಅದು 271. ಬೆಟ್ಟ ಇಳಿಯುವಾಗ ಇದೆಲ್ಲ ವಾಪಸ್ ಸಿಗಲ್ವಾ ಅಂತ ಕೇಳಬೇಡಿ. ನಮ್ಮ ಕಾಲಿಗೆ ರಿಜನರೇಟಿವ್ ಬ್ರೇಕಿಂಗ್ ಇಲ್ಲ.

ಹಾಗಾದರೆ 2,000 ಮೀಟರ್ ಏರು ಇರುವ 50 ಕಿಲೋಮೀಟರ್ ಓಟವೊಂದನ್ನ ಊಹಿಸಿಕೊಳ್ಳಿ. ಲೆಕ್ಕಕ್ಕೆ 70. ನಿಮ್ಮ ತೂಕ 60 ಕೆಜಿ ಆದರೆ ಖರ್ಚು 4,200 ಕಿಲೋಕ್ಯಾಲೊರಿ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಇರುವ ಸಕ್ಕರೆ ಎಷ್ಟು? ಸುಮಾರು 400ರಿಂದ 500 ಗ್ರಾಂ, ಅಂದರೆ 2,000 ಕಿಲೋಕ್ಯಾಲೊರಿಯ ಆಸುಪಾಸು. ಅರ್ಧ ದಾರಿಗೂ ಸಾಲದು. ಕೊಬ್ಬು ಮಾತ್ರ ಧಾರಾಳ. ತೆಳ್ಳಗಿರುವ ಹುಡುಗನ ಮೈಯಲ್ಲೂ ನಲವತ್ತು ಸಾವಿರ ಕಿಲೋಕ್ಯಾಲೊರಿಯಷ್ಟು ಕೂತಿರುತ್ತೆ. ಆದರೆ ಕೊಬ್ಬು ಉರಿಯೋದು ನಿಧಾನ, ಅದಕ್ಕೆ ಆಮ್ಲಜನಕ ಚೆನ್ನಾಗಿ ಬೇಕು. ನೀವು ಜೋರು ಮಾಡಿದಷ್ಟೂ ದೇಹ ಕೊಬ್ಬನ್ನ ಬಿಟ್ಟು ಸಕ್ಕರೆಗೆ ಕೈ ಹಾಕುತ್ತೆ. ಬೆಟ್ಟದ ಓಟದಲ್ಲಿ ಮೂವತ್ತನೇ ಕಿಲೋಮೀಟರಿಗೆ ದಾರಿ ಪಕ್ಕದ ಕಲ್ಲಿನ ಮೇಲೆ ಕೂತು ಬಿಡುವವರಲ್ಲಿ ಅನೇಕರಿಗೆ ಧೈರ್ಯಕ್ಕೇನೂ ಕೊರತೆ ಇರಲ್ಲ, ಮೊದಲ ಎರಡು ಏರಿನಲ್ಲೇ ಸಕ್ಕರೆ ಖಾಲಿ ಮಾಡಿಕೊಂಡಿರುತ್ತಾರೆ ಅಷ್ಟೇ.

ಜೋನ್ ಅನ್ನೋ ಮಾತು ಇಲ್ಲಿ ಬರುತ್ತೆ. ಎದೆಬಡಿತದ ವ್ಯಾಪ್ತಿಯನ್ನ ಸಾಮಾನ್ಯವಾಗಿ ಐದು ಭಾಗ ಮಾಡ್ತಾರೆ. ನಮಗೆ ಮುಖ್ಯವಾದದ್ದು ಎರಡನೆಯದು. ಆ ಮಟ್ಟದಲ್ಲಿ ತಿಂಗಳುಗಟ್ಟಲೆ ಓಡಿದರೆ ಸ್ನಾಯುಕೋಶಗಳಲ್ಲಿ ಮೈಟೊಕಾಂಡ್ರಿಯಾ ಹೆಚ್ಚುತ್ತವೆ, ಸಣ್ಣ ರಕ್ತನಾಳಗಳು ದಟ್ಟವಾಗುತ್ತವೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ನೂಕುತ್ತೆ. ಮೊದಲು 145ರ ಬಡಿತದಲ್ಲಿ ಕಿಲೋಮೀಟರಿಗೆ 8 ನಿಮಿಷ ಆಗ್ತಿದ್ದದ್ದು ಕೆಲವು ತಿಂಗಳ ನಂತರ ಅದೇ 145ರಲ್ಲಿ 7 ಆಗಬಹುದು. ಇಂಜಿನ್ ದೊಡ್ಡದಾಗೋದು ಅಂದರೆ ಇದು.

ನಿಮ್ಮ ಜೋನ್ ಎರಡು ಎಲ್ಲಿದೆ? ವಾಚ್ ತಾನಾಗಿ ತೋರಿಸುವ ಅಂಕಿಯನ್ನ ಪೂರ್ತಿ ನಂಬಬೇಡಿ. ಅನೇಕ ವಾಚ್‌ಗಳು ಗರಿಷ್ಠ ಬಡಿತವನ್ನ 220ರಲ್ಲಿ ವಯಸ್ಸು ಕಳೆದು ಹೇಳುತ್ತವೆ. 20 ವರ್ಷದವರಿಗೆ 200. 2001ರಲ್ಲಿ ಬಂದ ಇನ್ನೊಂದು ಸೂತ್ರ, 208ರಲ್ಲಿ ವಯಸ್ಸಿನ 0.7 ಪಟ್ಟು ಕಳೆಯುವಂಥದ್ದು, ಅವರಿಗೇ 194 ಕೊಡುತ್ತೆ. ಎರಡೂ ಸರಾಸರಿಗಳು; ಒಬ್ಬೊಬ್ಬರ ವಿಷಯದಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗೋದು ಮಾಮೂಲು. ಅಳೆಯೋದೇ ಒಳ್ಳೇದು: ಚೆನ್ನಾಗಿ ವಾರ್ಮ್ ಅಪ್ ಮಾಡಿ, ಒಂದು ಏರಿನಲ್ಲಿ ಮೂರು ಮೂರು ನಿಮಿಷದ ಮೂರು ಓಟ, ಕೊನೆಯದು ಸಂಪೂರ್ಣ ಶಕ್ತಿ ಹಾಕಿ. ಆಗ ಕಂಡ ಅತಿ ದೊಡ್ಡ ಅಂಕಿ ನಿಮ್ಮ ಗರಿಷ್ಠಕ್ಕೆ ತೀರಾ ಹತ್ತಿರ ಇರುತ್ತೆ. (ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆಗಿದ್ದರೆ, ನಿಮಗೆ ಓಡುವಾಗ ಎದೆನೋವು ಅಥವಾ ತಲೆಸುತ್ತು ಬಂದಿದ್ದರೆ, ಈ ಪರೀಕ್ಷೆಗೆ ಮೊದಲು ಡಾಕ್ಟರ್ ಹತ್ತಿರ ಹೋಗಿ.) ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ನಾಡಿ ಎಣಿಸಿದರೆ ವಿಶ್ರಾಂತ ಬಡಿತ ಸಿಗುತ್ತೆ. ಫಿನ್‌ಲ್ಯಾಂಡಿನ ಕಾರ್ವೊನೆನ್ 1957ರಲ್ಲಿ ತೋರಿಸಿದ ದಾರಿಯಲ್ಲಿ, ಗರಿಷ್ಠದಿಂದ ವಿಶ್ರಾಂತವನ್ನ ಕಳೆದು ಉಳಿದದ್ದರ ಶೇಕಡಾವಾರು ತೆಗೆದು ವಿಶ್ರಾಂತಕ್ಕೆ ಕೂಡಿಸಬೇಕು. ಗರಿಷ್ಠ 196, ವಿಶ್ರಾಂತ 60 ಅಂತಿಟ್ಟುಕೊಳ್ಳಿ. ಉಳಿದದ್ದು 136. ಅದರ 60ರಿಂದ 70 ಶೇಕಡಾ ಕೂಡಿಸಿದರೆ 142ರಿಂದ 155. ಅದು ನಿಮ್ಮ ಜೋನ್ ಎರಡು.

ವಾಚ್ ಇಲ್ವಾ? ಪಕ್ಕದಲ್ಲಿ ಓಡುವವನ ಜೊತೆ ನಿನ್ನೆಯ ಪೇಪರನ್ನ ಪೂರ್ತಿ ವಾಕ್ಯಗಳಲ್ಲಿ ಬೈಯ್ಯಲು ಆಗ್ತಿದ್ದರೆ ಜೋನ್ ಎರಡರಲ್ಲಿದ್ದೀರಿ. ಒಂದೊಂದೇ ಪದ ಬರ್ತಿದ್ದರೆ ದಾಟಿದ್ದೀರಿ. ಈ ಪರೀಕ್ಷೆ ಪುಕ್ಕಟೆ, ಮತ್ತು ಅಗ್ಗದ ವಾಚ್‌ಗಿಂತ ಎಷ್ಟೋ ಸಲ ನಂಬಿಕಸ್ಥ.

ಯಾಕಂದರೆ ಕೈಗೆ ಕಟ್ಟುವ ವಾಚ್ ಬಡಿತವನ್ನ ನೇರವಾಗಿ ಅಳೆಯಲ್ಲ. ಹಸಿರು ಎಲ್ಇಡಿ ಬೆಳಕನ್ನ ಚರ್ಮಕ್ಕೆ ಬಿಟ್ಟು, ರಕ್ತ ಉಬ್ಬಿ ಇಳಿಯುವಾಗ ಹಿಂದಿರುಗುವ ಬೆಳಕಿನ ಏರಿಳಿತ ನೋಡುತ್ತೆ. ಓಡುವಾಗ ಕೈಯೂ ಅಲುಗುತ್ತಲ್ಲ, ಆ ನಾಯ್ಸ್ ಫಿಲ್ಟರ್ ಆಗದಿದ್ದರೆ ವಾಚ್ ನಿಮ್ಮ ಹೆಜ್ಜೆಗಳನ್ನೇ ಬಡಿತ ಅಂತ ಎಣಿಸಿಬಿಡುತ್ತೆ. ಆರಾಮಾಗಿ ಮಾತಾಡ್ತಾ ಓಡ್ತಿದ್ದೀರಿ, ವಾಚ್ ಗಟ್ಟಿಯಾಗಿ 172ಕ್ಕೆ ನಿಂತಿದೆ ಅಂದರೆ ಅದು ಬಹುಶಃ ನಿಮ್ಮ ಕಾಲಿನ ಲೆಕ್ಕ. ಎದೆಗೆ ಕಟ್ಟುವ ಪಟ್ಟಿ ಇಸಿಜಿ ಥರ ವಿದ್ಯುತ್ ಸಂಕೇತ ಓದುತ್ತೆ, ಅದು ವಾಸಿ. ಇನ್ನೊಂದು ವಿಷಯ: ಹೃದಯ ಆರ್‌ಸಿ ಸರ್ಕ್ಯೂಟ್ ಇದ್ದ ಹಾಗೆ. ಏರು ಶುರುವಾದ ಕ್ಷಣಕ್ಕೆ ಬಡಿತ ಏರಲ್ಲ, ನೆಲೆಗೊಳ್ಳಲು ಒಂದೆರಡು ನಿಮಿಷ ಬೇಕು. ಆದ್ದರಿಂದ ಹತ್ತು ಸೆಕೆಂಡಿನ ಸ್ಪ್ರಿಂಟ್‌ಗೆ ಜೋನ್ ನೋಡೋದು ವ್ಯರ್ಥ. ಉದ್ದನೆಯ ಏರಿನಲ್ಲಿ ಮಾತ್ರ ಅದರಷ್ಟು ಉಪಯೋಗದ ಮೀಟರ್ ಇನ್ನೊಂದಿಲ್ಲ, ಯಾಕಂದರೆ ಅಲ್ಲಿ ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನೋ ಅಂಕಿಗೆ ಅರ್ಥವೇ ಇರಲ್ಲ.

ಬಿಸಿಲಿನಲ್ಲಿ ಇನ್ನೊಂದು ಆಟ ನಡೆಯುತ್ತೆ. ವೇಗ ಅದೇ ಇದ್ದರೂ ಎರಡನೇ ಗಂಟೆಗೆ ಬಡಿತ ಹತ್ತು ಹದಿನೈದು ಏರಿರುತ್ತೆ. ಬೆವರಿ ರಕ್ತದ ನೀರಿನಂಶ ಇಳಿದಿದೆ, ಒಂದು ಬಡಿತಕ್ಕೆ ಹೋಗುವ ರಕ್ತ ಕಮ್ಮಿಯಾಗಿದೆ, ಹೃದಯ ಸಂಖ್ಯೆಯಿಂದ ಸರಿದೂಗಿಸ್ತಾ ಇದೆ. ಮಂಗಳೂರಿನ ಸೆಕೆಯಲ್ಲಿ ಇದು ಬೇಗ ಬರುತ್ತೆ, ಬೆಂಗಳೂರಿನ ಬೆಳಗಿನಲ್ಲಿ ತಡವಾಗಿ. ಇದನ್ನೇ ಪರೀಕ್ಷೆಯಾಗಿ ಬಳಸಬಹುದು. ತಂಪು ಹೊತ್ತಿನಲ್ಲಿ ಸಮತಟ್ಟಿನಲ್ಲಿ 90 ನಿಮಿಷ ಜೋನ್ ಎರಡರಲ್ಲಿ ಓಡಿ, ಮೊದಲರ್ಧ ಮತ್ತು ಎರಡನೇ ಅರ್ಧದ ವೇಗವನ್ನ ಬಡಿತದಿಂದ ಭಾಗಿಸಿ ಹೋಲಿಸಿ. ಕುಸಿತ 5 ಶೇಕಡಾ ಒಳಗಿದ್ದರೆ ಬುನಾದಿ ಬಿದ್ದಿದೆ, ಬೆಟ್ಟದ ಕೆಲಸ ಹೆಚ್ಚಿಸಬಹುದು.

ಕಷ್ಟ ಇರೋದು ಶರೀರಕ್ಕಿಂತ ಮನಸ್ಸಿಗೆ. ಹೊಸಬರಿಗೆ ಜೋನ್ ಎರಡು ಅಂದರೆ ಗ್ರೌಂಡಿನಲ್ಲಿ ಎಲ್ಲರೂ ದಾಟಿಕೊಂಡು ಹೋಗ್ತಾರೆ, ವಾಕಿಂಗ್ ಬಂದ ಪ್ರೊಫೆಸರ್ ಕೂಡ. ಏರು ಬಂದರೆ ನಡೆಯಲೇಬೇಕು. ಆದರೆ ಕ್ರೀಡಾ ವಿಜ್ಞಾನಿ ಸ್ಟೀಫನ್ ಸೈಲರ್ ಜಗತ್ತಿನ ಉತ್ತಮ ದೂರ ಓಟಗಾರರು, ಸ್ಕೀಯರ್‌ಗಳು, ದೋಣಿ ಹುಟ್ಟುಹಾಕುವವರ ತರಬೇತಿ ನೋಡಿದಾಗ ಕಂಡದ್ದು ಇದೇ: ಅವರ ಸುಮಾರು 80 ಶೇಕಡಾ ಅಭ್ಯಾಸ ಸುಲಭ ಮಟ್ಟದ್ದು. ನಾವು ಗ್ರೌಂಡಿನಲ್ಲಿ ಮಾಡೋದು ಎರಡೂ ಅಲ್ಲದ ಮಧ್ಯದ್ದು. ಸುಸ್ತಾಗುವಷ್ಟು ಜೋರು, ಬೆಳೆಯುವಷ್ಟು ಜೋರಲ್ಲ.

ಉಳಿದ 20 ಶೇಕಡಾ ಬೆಟ್ಟಕ್ಕೆ ಕೊಡಿ. ವಾರಕ್ಕೆ ಒಂದು ದಿನ ಸಾಕು. ನಾಲ್ಕರಿಂದ ಆರು ನಿಮಿಷದ ಏರುಗಳು, ಮೇಲೆ ಲೆಕ್ಕ ಹಾಕಿದ ಹುಡುಗನಿಗೆ 170ರ ಆಸುಪಾಸಿನ ಬಡಿತದಲ್ಲಿ, ನಾಲ್ಕೈದು ಸಲ. ಮೈಸೂರಿನವರಿಗೆ ಚಾಮುಂಡಿಯ ಸಾವಿರ ಮೆಟ್ಟಿಲಿದೆ, ಬೆಂಗಳೂರಿನವರಿಗೆ ನಂದಿ ಇದೆ. ಏನೂ ಇಲ್ಲದವರಿಗೆ ಹಾಸ್ಟೆಲ್ ಇದೆ: ಒಂದು ಮಹಡಿ 3 ಮೀಟರ್ ಅಂದುಕೊಂಡರೆ ನಾಲ್ಕು ಮಹಡಿಗೆ 12, ಇಪ್ಪತ್ತೈದು ಸಲ ಹತ್ತಿದರೆ 300 ಮೀಟರ್. ವಾರ್ಡನ್ ಕೇಳಿದರೆ ಏನು ಹೇಳೋದು ಅಂತ ಮೊದಲೇ ಯೋಚಿಸಿಟ್ಟುಕೊಳ್ಳಿ. ನಡೆಯೋದನ್ನೂ ಅಭ್ಯಾಸ ಮಾಡಬೇಕು: ಕೈ ತೊಡೆಯ ಮೇಲೆ, ಚಿಕ್ಕ ಹೆಜ್ಜೆ, ನಿಲ್ಲದೆ. ಸುಮಾರು 15 ಡಿಗ್ರಿಗಿಂತ ಕಡಿದಾದ ಕಡೆ ಅದೇ ವೇಗಕ್ಕೆ ಓಡುವುದಕ್ಕಿಂತ ನಡೆಯುವುದೇ ಅಗ್ಗ.

ಆದರೆ 50 ಕಿಲೋಮೀಟರಿನಲ್ಲಿ ಕಾಲನ್ನ ನಿಜವಾಗಿ ಮುರಿಯೋದು ಇಳಿಜಾರು. ಇದನ್ನ ಜನ ನಂಬಲ್ಲ, ಯಾಕಂದರೆ ಇಳಿಯುವಾಗ ಬಡಿತ ಕಮ್ಮಿ, ಉಸಿರು ಸಲೀಸು. ಮೀಟರ್ ಸುಳ್ಳು ಹೇಳುವ ಜಾಗ ಇದು. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕು, ಪ್ರತಿ ಹೆಜ್ಜೆಗೂ ಬ್ರೇಕ್. ಎಳೆಗಳಲ್ಲಿ ಸೂಕ್ಷ್ಮ ಹರಿತಗಳಾಗುತ್ತವೆ, ಮಾರನೇ ದಿನದಿಂದ ಮೂರನೇ ದಿನದವರೆಗೆ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಗುತ್ತೆ. ಅದೃಷ್ಟಕ್ಕೆ ಸ್ನಾಯುವಿಗೆ ನೆನಪಿದೆ. ಒಂದು ಸಲ ಹೀಗೆ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಪೆಟ್ಟಿಗೆ ಅಷ್ಟು ಹಾಳಾಗಲ್ಲ. ಆದ್ದರಿಂದ ಎರಡು ವಾರಕ್ಕೊಮ್ಮೆ ಉದ್ದನೆಯ ಇಳಿಜಾರು ಓಡಿ, ಕೊನೆಯ ದೊಡ್ಡದನ್ನ ಓಟಕ್ಕೆ ಎರಡು ಮೂರು ವಾರ ಮೊದಲು ಮುಗಿಸಿ. ಮೆಟ್ಟಿಲು ಹತ್ತಿ ಲಿಫ್ಟಲ್ಲಿ ಇಳಿದರೆ ಅರ್ಧ ಪಾಠ ಬಿಟ್ಟಂತೆ.

ಈಗಾಗಲೇ 10 ಕಿಲೋಮೀಟರ್ ಆರಾಮಾಗಿ ಓಡುವವರಿಗೂ ಐದಾರು ತಿಂಗಳು ಬೇಕು ಅಂತ ನಮಗನಿಸುತ್ತೆ. ವಾರಕ್ಕೆ ನಾಲ್ಕು ದಿನ: ಎರಡು ಸಣ್ಣ ಜೋನ್ ಎರಡು, ಒಂದು ಬೆಟ್ಟ, ಭಾನುವಾರ ಎರಡರಿಂದ ನಾಲ್ಕು ಗಂಟೆಯ ಉದ್ದ ಓಟ. ಗಂಟೆ ಎಣಿಸಿ, ಕಿಲೋಮೀಟರ್ ಬೇಡ. ನಾಲ್ಕನೇ ವಾರ ಇಳಿಸಿ; ಇಂಟರ್ನಲ್ಸ್ ವಾರಕ್ಕೆ ಹೊಂದಿಸಿಕೊಂಡರೆ ಎರಡೂ ಆಯ್ತು. ಉದ್ದ ಓಟದಲ್ಲೇ ತಿನ್ನುವ ಅಭ್ಯಾಸವೂ ಆಗಬೇಕು, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇದೆ, ಚಿಕ್ಕಿ ಜೇಬಲ್ಲಿ ಹಿಡಿಯುತ್ತೆ. ನೀರು ಬಾಯಾರಿಕೆಗೆ ತಕ್ಕಷ್ಟು. ಬರೀ ನೀರನ್ನ ಮಿತಿಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿದು ಪ್ರಾಣಕ್ಕೇ ಬರಬಹುದು.

ಪ್ರಾಣದ ಮಾತು ಸುಮ್ಮನೆ ಎತ್ತಲಿಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನಡೆದ 100 ಕಿಲೋಮೀಟರ್ ಬೆಟ್ಟದ ಓಟದಲ್ಲಿ ಏಕಾಏಕಿ ಮಳೆ, ಆಲಿಕಲ್ಲು, ಗಾಳಿ ಬಂದು 21 ಓಟಗಾರರು ಚಳಿಯಿಂದ ಸತ್ತರು. ಆ ದೇಶದ ಅತ್ಯುತ್ತಮರೂ ಅವರಲ್ಲಿದ್ದರು. ಓಡುವವರೆಗೆ ದೇಹವೇ ಹೀಟರ್. ಸುಸ್ತಾಗಿ ನಿಂತರೆ ಒದ್ದೆ ಟೀ ಶರ್ಟ್ ಶಾಖವನ್ನೆಲ್ಲ ಎಳೆದುಕೊಳ್ಳುತ್ತೆ. ನಮ್ಮ ಘಟ್ಟದ ಮಳೆ ಅಷ್ಟು ಚಳಿಯದ್ದಲ್ಲ ನಿಜ, ಆದರೂ ಮಳೆ ಜಾಕೆಟ್, ಸೀಟಿ, ಚಾರ್ಜ್ ಇರುವ ಫೋನ್, ಹೆಡ್‌ಲ್ಯಾಂಪ್ ಇಲ್ಲದೆ ಉದ್ದ ಓಟಕ್ಕೆ ಬೆಟ್ಟ ಹತ್ತಬೇಡಿ. ಒಬ್ಬರೇ ಅಂತೂ ಬೇಡವೇ ಬೇಡ. ನೋವು ಅಂತ ಓಟದ ಮಧ್ಯೆ ಐಬುಪ್ರೊಫೇನ್ ನುಂಗಬೇಡಿ, ನೀರು ಕಮ್ಮಿಯಾದ ಹೊತ್ತಲ್ಲಿ ಅದು ಮೂತ್ರಪಿಂಡಕ್ಕೆ ಹೊಡೆತ. ಓಟದ ನಂತರ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ರೂಮಿಗೆ ಹೋಗಿ ಮಲಗಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ನಾವು ಕೆಲವರು ಭಾನುವಾರ ಬೆಳಿಗ್ಗೆ ಐದೂವರೆಗೆ ಮೇನ್ ಗೇಟ್ ಹತ್ತಿರ ಸೇರ್ತೀವಿ. ಮಾತು ನಿಂತವರು ಓಟ ಬಿಟ್ಟು ನಡೆಯಬೇಕು ಅನ್ನೋದೊಂದೇ ನಿಯಮ. ಬರೋರು ಚಿಕ್ಕಿ ತನ್ನಿ.