ವಿದ್ಯುತ್ ಬೇಲಿಯೂ ಪೊಲೀಸರ ವಿದ್ಯುದಾಯುಧವೂ

ಹಾವೇರಿ ಜಿಲ್ಲೆಯ ರಾಣೇಬೆನ್ನೂರಿನಲ್ಲಿ ಕೃಷ್ಣಮೃಗಗಳ ವನ್ಯಧಾಮವಿದೆ. ಇಂತಹ ಕಾಡಿನಂಚಿನ ಹೊಲಗಳಲ್ಲಿ ಬೆಳೆಯನ್ನು ಕಾಯಲು ಸೌರವಿದ್ಯುತ್ತಿನ ಬೇಲಿ ಹಾಕುವುದುಂಟು. ಅದರ ತಂತಿಯಲ್ಲಿ ಹಲವು ಸಾವಿರ ವೋಲ್ಟುಗಳಿರುತ್ತವೆ. ಮುಟ್ಟಿದ ಕಾಡುಹಂದಿ ಬೆಚ್ಚಿ ಹಿಂದೆ ಸರಿಯುವುದೇ ಹೊರತು ಸಾಮಾನ್ಯವಾಗಿ ಸಾಯುವುದಿಲ್ಲ. ಮನೆಯ ತಂತಿಯಲ್ಲಿರುವುದಾದರೋ ಕೇವಲ 230 ವೋಲ್ಟು. ಅದನ್ನೇ ಬೇಲಿಗೆ ಜೋಡಿಸಿದರೆ ಮುಟ್ಟಿದ ಮನುಷ್ಯನೂ ಸಾಯಬಹುದು. ಈ ವೈಚಿತ್ರ್ಯಕ್ಕೆ ಕಾರಣವೇನು? ಇದನ್ನು ಅರಿತರೆ ಪೊಲೀಸರ ವಿದ್ಯುದಾಯುಧದ ಗುಣದೋಷಗಳೂ ತಿಳಿಯುತ್ತವೆ.

ಆ ವಿಚಾರ ಈ ಜಿಲ್ಲೆಗೆ ದೂರದ್ದೇನೂ ಅಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ನಡೆದ ಪ್ರತಿಭಟನೆಯ ವೇಳೆ ಪೊಲೀಸರು ಹಾರಿಸಿದ ಗುಂಡಿಗೆ ಇಬ್ಬರು ರೈತರು ಬಲಿಯಾದರು. 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ಬೆಲೆ ಕುಸಿದಾಗ ಬ್ಯಾಡಗಿಯ ಮಾರುಕಟ್ಟೆಯಲ್ಲಿ ವಾಹನಗಳು ಹೊತ್ತಿ ಉರಿದವು. ಲಾಠಿಗೂ ಬಂದೂಕಿಗೂ ನಡುವೆ, ಕೊಲ್ಲದೆ ತಡೆಯುವ ಆಯುಧವೊಂದಿಲ್ಲವೇ ಎಂಬ ಪ್ರಶ್ನೆ ಏಳುವುದು ಸಹಜ.

ಅಂತಹುದೆಂದು ಹೆಸರಾದುದು ‘ಟೇಸರ್’. ಅಮೆರಿಕದ ಜ್ಯಾಕ್ ಕವರ್ ಎಂಬವರು ಇದನ್ನು 1970ರ ದಶಕದಲ್ಲಿ ರೂಪಿಸಿದರು. ಟ್ರಿಗರ್ ಒತ್ತಿದೊಡನೆ ಎರಡು ಮುಳ್ಳುಗಳು ಸಣ್ಣ ತಂತಿಗಳನ್ನು ಎಳೆದುಕೊಂಡು ಹಾರಿ, ಎದುರಾಳಿಯ ಬಟ್ಟೆಗೋ ಚರ್ಮಕ್ಕೋ ನಾಟುತ್ತವೆ. ಇದರ ಎಕ್ಸ್26 ಎಂಬ ಮಾದರಿಯನ್ನು ಪರಿಶೀಲಿಸೋಣ. ಗಾಳಿಯಲ್ಲಿ ಕಿಡಿ ಹಾರಿಸಲು ಅದು 50,000 ವೋಲ್ಟುಗಳನ್ನು ಉತ್ಪಾದಿಸುತ್ತದೆ. ಆದರೆ ದೇಹಕ್ಕೆ ತಗಲುವುದು ಸುಮಾರು 1,200 ವೋಲ್ಟು. ವಿದ್ಯುತ್ತು ಸತತವಾಗಿ ಹರಿಯದೆ ಸೆಕೆಂಡಿಗೆ ಸುಮಾರು 19 ಮಿಡಿತಗಳಾಗಿ ಹರಿಯುತ್ತದೆ. ಪ್ರತಿ ಮಿಡಿತದ ಅವಧಿ ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗ. ಅದು ಒಯ್ಯುವ ಆವೇಶ ಸುಮಾರು 100 ಮೈಕ್ರೊಕೂಲಾಂ. ಗುಣಿಸಿ ನೋಡಿದರೆ ಸರಾಸರಿ ಪ್ರವಾಹ 2 ಮಿಲಿಆಂಪಿಯರಿಗೂ ತುಸು ಕಡಿಮೆ.

ಇಷ್ಟು ಅಲ್ಪ ಪ್ರವಾಹ ಬಲಿಷ್ಠನನ್ನೂ ಕೆಡಹುವುದು ಹೇಗೆ? ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳು ಅತಿ ಕ್ಷಿಪ್ರವಾದ ಮಿಡಿತಕ್ಕೂ ಓಗೊಡುತ್ತವೆ. ಸ್ನಾಯುಗಳು ಒಮ್ಮೆಲೇ ಬಿಗಿದುಕೊಂಡು, ಮನುಷ್ಯ ಮರದ ದಿಮ್ಮಿಯಂತೆ ಉರುಳುತ್ತಾನೆ. ಹೃದಯದ ಸ್ನಾಯುವಿನ ಸ್ವಭಾವ ಬೇರೆ. ಅದನ್ನು ಕೆರಳಿಸಲು ಕೆಲವು ಮಿಲಿಸೆಕೆಂಡುಗಳ ಪ್ರವಾಹ ಬೇಕು. ಆಟಿಕೆಯ ಬಂಡಿ ಒಂದೇ ಜಗ್ಗಿಗೆ ಉರುಳುತ್ತದೆ. ತೇರು ಕದಲಬೇಕಾದರೆ ಹಗ್ಗವನ್ನು ಬಿಡದೆ ಎಳೆಯಬೇಕಷ್ಟೆ. ಸೌರಬೇಲಿಯ ಗುಟ್ಟೂ ಇದೇ: ಸೆಕೆಂಡಿಗೆ ಸುಮಾರು ಒಂದೇ ಮಿಡಿತ, ಅದೂ ಅತ್ಯಲ್ಪ ಅವಧಿಯದು. ಮನೆಯ ವಿದ್ಯುತ್ತಿನಲ್ಲಾದರೋ ಒಂದೊಂದು ಅರ್ಧಾವರ್ತನೆಯೇ 10 ಮಿಲಿಸೆಕೆಂಡು. ಬಿಡುವಿಲ್ಲದ ಆ ಎಳೆತಕ್ಕೆ ಹೃದಯ ತಾಳ ತಪ್ಪಿ ನಡುಗಿ ನಿಲ್ಲಬಹುದು.

ಹಾಗಾದರೆ ಟೇಸರ್ ನಿರಪಾಯಕಾರಿಯೇ? ಅಲ್ಲ. ಮುಳ್ಳು ಎದೆಯಲ್ಲಿ ಹೃದಯಕ್ಕೆ ಸಮೀಪವಾಗಿ ನಾಟಿದರೆ, ಅದರಲ್ಲೂ ತೆಳುಮೈಯವರಲ್ಲಿ, ಅಪಾಯ ಹೆಚ್ಚುತ್ತದೆ. ಎದೆಗೆ ಗುರಿಯಿಡದಿರುವುದು ಲೇಸೆಂದು 2009ರಲ್ಲಿ ತಯಾರಕ ಸಂಸ್ಥೆಯೇ ಸೂಚಿಸಿತು. ಕೈ ಊರಲಾಗದೆ ಬಿದ್ದವನ ತಲೆ ಒಡೆಯಬಹುದು. ಮುಳ್ಳು ಕಣ್ಣಿಗೆ ತಾಗಿದರೆ ದೃಷ್ಟಿಯೇ ಹೋದೀತು. ಪೆಟ್ರೋಲು ಚೆಲ್ಲಿದಲ್ಲಿ ಕಿಡಿಯಿಂದ ಬೆಂಕಿ ಹತ್ತಬಹುದು. ಮತ್ತೆಮತ್ತೆ ಪ್ರಯೋಗಿಸಿದರೆ ದೇಹ ಬಳಲಿ, ರಕ್ತದಲ್ಲಿ ಆಮ್ಲೀಯತೆ ಏರುತ್ತದೆ. 2007ರ ಅಕ್ಟೋಬರ್ 14ರಂದು ಕೆನಡಾದ ವ್ಯಾಂಕೂವರ್ ವಿಮಾನನಿಲ್ದಾಣದಲ್ಲಿ ಪೊಲೀಸರು ಐದು ಬಾರಿ ಟೇಸರ್ ಪ್ರಯೋಗಿಸಿದ ರಾಬರ್ಟ್ ಜಿಕಾನ್ಸ್ಕಿ ಎಂಬ ಪ್ರಯಾಣಿಕ ಅಲ್ಲಿಯೇ ಅಸುನೀಗಿದನು. ಆದುದರಿಂದ ಇದನ್ನು ‘ಕೊಲ್ಲದ ಆಯುಧ’ ಎನ್ನುವುದಕ್ಕಿಂತ ‘ಬಂದೂಕಿಗಿಂತ ಕಡಿಮೆ ಕೊಲ್ಲುವ ಆಯುಧ’ ಎನ್ನುವುದೇ ಸರಿ. ಮೇಲಾಗಿ, ಅದು ಕೆಲವೇ ಮೀಟರುಗಳ ದೂರದಲ್ಲಿ ನಿಂತ ಒಬ್ಬನನ್ನು ತಡೆಯಬಲ್ಲದೇ ಹೊರತು ಬೀದಿ ತುಂಬಿದ ಜನಸಮೂಹವನ್ನಲ್ಲ. ಹಾವೇರಿಯ ಆ ದಿನದ ದುಃಖಕ್ಕೆ ಅದು ಮದ್ದಾಗುತ್ತಿರಲಿಲ್ಲ.

ವಿದ್ಯುತ್ತಿನ ಅಪಾಯವನ್ನು ವೋಲ್ಟುಗಳ ಸಂಖ್ಯೆಯೊಂದರಿಂದಲೇ ಅಳೆಯಲಾಗದು. ಎಷ್ಟು ಪ್ರವಾಹ, ಎಷ್ಟು ಹೊತ್ತು, ದೇಹದ ಯಾವ ಮಾರ್ಗವಾಗಿ ಎಂಬ ಮೂರು ಪ್ರಶ್ನೆಗಳನ್ನೂ ಕೇಳಬೇಕು. ಹೊಲದ ಬೇಲಿಗೆ ಮನೆಯ ತಂತಿ ಜೋಡಿಸಲು ಹೊರಟವರನ್ನು ಕಂಡರೆ ನಮ್ಮ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಿಳಿಸಿ ತಡೆಯಲಿ. ಒಂದು ಜೀವ ಉಳಿದರೂ ಕಲಿತ ಭೌತಶಾಸ್ತ್ರ ಸಾರ್ಥಕ.