ಹಸಿ ದಿಮ್ಮಿ ಸೀಳುವುದೇಕೆ?

ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆ ಬೇಸಿಗೆಯಲ್ಲಿ ಆಗತಾನೆ ಕಡಿದ ಬೇವಿನ ಕೊಂಬೆಯನ್ನು ಅಂಗಳದಲ್ಲಿ ಬಿಟ್ಟು ನೋಡಿ. ಕೆಲವೇ ದಿನಗಳಲ್ಲಿ ಕೊಯ್ದ ತುದಿಗಳಲ್ಲಿ ನಡುವಿನಿಂದ ಅಂಚಿನವರೆಗೆ ಬಿರುಕುಗಳು ಮೂಡುತ್ತವೆ. ಒಲೆಗೆ ಹಾಕುವುದಾದರೆ ಚಿಂತೆಯಿಲ್ಲ. ಲೇತ್‌ನಲ್ಲಿ ಕಡೆದು ಬುಗುರಿಯನ್ನೋ ಲಟ್ಟಣಿಗೆಯನ್ನೋ ಮಾಡಬೇಕೆಂದಿದ್ದರೆ ಆ ಮರ ವ್ಯರ್ಥ. ಬಿರುಕು ಬಿಟ್ಟ ತುಂಡು ವೇಗವಾಗಿ ತಿರುಗುವಾಗ ಸಿಡಿದು ಗಾಯ ಮಾಡಲೂಬಹುದು. ಬೇಗ ಒಣಗಲೆಂದು ನಾನೊಮ್ಮೆ ನಾಲ್ಕು ತುಂಡುಗಳನ್ನು ಮಾಳಿಗೆಯ ಬಿಸಿಲಿಗಿಟ್ಟು ನಾಲ್ಕನ್ನೂ ಕಳೆದುಕೊಂಡೆ.

ಎರಡು ಬಗೆಯ ನೀರು

ಹಸಿ ಮರದಲ್ಲಿ ನೀರು ಕೋಶಗಳ ಟೊಳ್ಳಿನಲ್ಲೂ ಕೋಶಭಿತ್ತಿಯಲ್ಲೂ ಇರುತ್ತದೆ. ಮೊದಲು ಟೊಳ್ಳಿನ ನೀರು ಹೋಗುತ್ತದೆ. ಆಗ ತೂಕ ಇಳಿಯುತ್ತದೆ, ಗಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ತೇವಾಂಶವು ಒಣ ತೂಕದ ಸುಮಾರು ಶೇ. 30ಕ್ಕಿಂತ ಕೆಳಗಿಳಿದ ಮೇಲೆ ಭಿತ್ತಿಯ ನೀರು ಹೊರಡುತ್ತದೆ, ಮರ ಕುಗ್ಗುತ್ತದೆ. ಈ ಕುಗ್ಗುವಿಕೆ ಉದ್ದಕ್ಕೆ ಅತ್ಯಲ್ಪ. ತ್ರಿಜ್ಯದ ದಿಕ್ಕಿಗಿಂತ ಉಂಗುರದ ಗುಂಟ ಸುಮಾರು ಎರಡರಷ್ಟು.

ಲೆಕ್ಕ ಹಾಕಿ. 10 ಸೆಂ.ಮೀ. ವ್ಯಾಸದ ದಿಮ್ಮಿಯ ಪರಿಧಿ 31.42 ಸೆಂ.ಮೀ. ತ್ರಿಜ್ಯ ಶೇ. 4ರಷ್ಟು ಕುಗ್ಗಿದರೆ ಪರಿಧಿ 30.16 ಸೆಂ.ಮೀ. ಆಗಬೇಕು. ಆದರೆ ಉಂಗುರದ ಗುಂಟ ಶೇ. 8ರಷ್ಟು ಕುಗ್ಗಿದರೆ ಅಲ್ಲಿ ಉಳಿಯುವ ಮರ 28.90 ಸೆಂ.ಮೀ. ಮಾತ್ರ. ಕೊರತೆ 1.26 ಸೆಂ.ಮೀ. ಈ ಎಳೆತವನ್ನು ತಾಳಲಾರದೆ ಮರ ಬಿರಿಯುತ್ತದೆ. ಒಳಗೆ ಹಸಿಯಿರುವಾಗಲೇ ಬಿಸಿಗಾಳಿಗೆ ಮೇಲ್ಮೈ ಒಣಗಿದರೆ ಎಳೆತ ಇನ್ನೂ ಹೆಚ್ಚುತ್ತದೆ.

ಏನು ಮಾಡಬೇಕು?

1. ಬೇಕಾದ ಅಳತೆಗಿಂತ ಪ್ರತಿ ತುದಿಯಲ್ಲಿ 5 ಸೆಂ.ಮೀ. ಹೆಚ್ಚು ಬಿಟ್ಟು ಕೊಯ್ಯಿರಿ. ತುದಿ ಬಿರಿದರೆ ಕತ್ತರಿಸಿ ತೆಗೆಯಬಹುದು.

2. ದಪ್ಪ ದಿಮ್ಮಿಯನ್ನು ತಿರುಳಿನ ಮೂಲಕ ಎರಡು ಹೋಳು ಮಾಡಿ. ಆಗ ಹೋಳಿನ ಚಪ್ಪಟೆ ಮುಖ ತುಸು ಉಬ್ಬಿ ಎಳೆತ ಸಡಿಲವಾಗುತ್ತದೆ.

3. ಅದೇ ದಿನ ತುದಿಗಳಿಗೆ ಕರಗಿಸಿದ ಮೇಣ ಅಥವಾ ದಪ್ಪ ಬಣ್ಣ ಬಳಿಯಿರಿ. ನೀರು ಅಡ್ಡಡ್ಡಕ್ಕಿಂತ ನಾರಿನ ಗುಂಟ ಹಲವು ಪಟ್ಟು ವೇಗವಾಗಿ ಹೊರಹೋಗುವುದರಿಂದ ತುದಿಗಳೇ ಮೊದಲು ಬಿರಿಯುತ್ತವೆ. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ, ನೇರ ಉರಿಯ ಮೇಲೆ ಬೇಡ.

4. ನೆರಳಿನಲ್ಲಿ, ನೆಲದಿಂದ ಮೇಲೆ, ನಡುವೆ ರಿಪೀಸು ಪಟ್ಟಿಗಳನ್ನಿಟ್ಟು ಪೇರಿಸಿ. ಗಾಳಿಯಾಡಬೇಕು, ಬಿಸಿಗಾಳಿ ನೇರವಾಗಿ ಬಡಿಯಬಾರದು. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿದರೆ ಬೂಷ್ಟು ಹಿಡಿಯುತ್ತದೆ.

ಚನ್ನಪಟ್ಟಣದ ಬೊಂಬೆ ತಯಾರಕರು ಬಹುಕಾಲದಿಂದ ಬಳಸುತ್ತ ಬಂದಿರುವ ಆಲೆ ಮರವನ್ನೂ, ಅಂದರೆ ರೈಟಿಯಾ ಟಿಂಕ್ಟೋರಿಯಾವನ್ನೂ, ಲೇತ್‌ಗೆ ಏರಿಸುವ ಮೊದಲು ಕೆಲವು ತಿಂಗಳು ಒಣಗಿಸುತ್ತಾರೆ. ತಿರುಗುವ ಬೊಂಬೆಗೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಅಂಟುತ್ತದೆ. ಮರ ಹಸಿಯಾಗಿದ್ದರೆ ಬೊಂಬೆ ಆಮೇಲೆ ಕುಗ್ಗಿ ಜೋಡಣೆಗಳು ಸಡಿಲಾಗುತ್ತವೆ.

ತರಗತಿಯಲ್ಲಿ ಮಾಡಿ ನೋಡಿ

ಒಂದೇ ಕೊಂಬೆಯ ಎರಡು ಸಮಾನ ತುಂಡುಗಳನ್ನು ತೆಗೆದುಕೊಳ್ಳಿ. ಒಂದರ ತುದಿಗಳಿಗೆ ಮಾತ್ರ ಮೇಣ ಬಳಿಯಿರಿ. ಎರಡನ್ನೂ ನೆರಳಿನಲ್ಲಿಟ್ಟು ವಾರಕ್ಕೊಮ್ಮೆ ತೂಗಿ, ತೂಕ ಮತ್ತು ಕಾಲದ ನಕ್ಷೆ ಎಳೆಯಿರಿ. ವಕ್ರರೇಖೆ ಸಮತಲವಾದಾಗ ಮರ ಸುತ್ತಲಿನ ಗಾಳಿಯ ಆರ್ದ್ರತೆಯೊಂದಿಗೆ ಸಮತೋಲಕ್ಕೆ ಬಂದಿದೆ ಎಂದರ್ಥ. ಬಿರುಕುಗಳನ್ನು ಎಣಿಸಿ ಹೋಲಿಸಿ. ತುಂಡುಗಳನ್ನು ಮಳೆಗಾಲದವರೆಗೂ ಎಸೆಯದಿರಿ. ಅವುಗಳ ತೂಕ ಮತ್ತೆ ಏರುವುದೇ? ಏಕೆ? ವಿದ್ಯಾರ್ಥಿಗಳೇ ಉತ್ತರಿಸಲಿ.